ಅಂಗನವಾಡಿ, ಕೂಸಿನ ಮನೆಯ ಗುಣಮಟ್ಟ: ಊಟದ ಹೊತ್ತಿನಲ್ಲಿ ಏನು ನೋಡಬೇಕು?

ಕೂಸಿನ ಮನೆ ಅಂದರೆ ತಾಯಂದಿರು ಕೂಲಿಗೆ ಹೋದಾಗ ಪುಟ್ಟ ಕೂಸುಗಳನ್ನು ನೋಡಿಕೊಳ್ಳುವ ಜಾಗ. ಈ ಪಾಠದಲ್ಲಿ ಎರಡು ಪದ ಬರುತ್ತವೆ: ರಚನಾ ಗುಣಮಟ್ಟ, ಪ್ರಕ್ರಿಯಾ ಗುಣಮಟ್ಟ. ಹೆಸರು ಕೇಳಿ ಹೆದರಬೇಡಿ. ಎಣಿಸಿ, ಅಳೆದು ಬರೆದುಕೊಳ್ಳುವಂಥದ್ದೆಲ್ಲ ಮೊದಲನೆಯದು: ಕೋಣೆ, ನೀರು, ಶೌಚಾಲಯ, ಎಷ್ಟು ಮಕ್ಕಳಿಗೆ ನೋಡಿಕೊಳ್ಳುವವರು ಒಬ್ಬರು. ಮಗುವಿಗೂ ದೊಡ್ಡವರಿಗೂ ನಡುವೆ ದಿನವಿಡೀ ನಡೆಯುವುದು ಎರಡನೆಯದು.

ಪರೀಕ್ಷೆಗೆ ಬೇಕಾದ ಅಂಕಿ: 3 ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು, 3ರಿಂದ 6 ವರ್ಷದ 20 ಮಕ್ಕಳಿಗೆ ಒಬ್ಬರು. ಊಟದಲ್ಲಿ 3ರಿಂದ 6ರ ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12–15 ಗ್ರಾಂ ಪ್ರೋಟೀನ್ ಅಂತ 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಇತ್ತು.

ಆದರೆ ಲೆಕ್ಕದಲ್ಲಿರುವ ಕ್ಯಾಲೊರಿ ಹೊಟ್ಟೆಗೆ ಹೋಯಿತಾ? ಇದು ರಿಜಿಸ್ಟರಿನಲ್ಲಿ ಕಾಣಲ್ಲ.

ವೀಕ್ಷಣೆಗೆಂದು ನಾನು ಗಂಗಾವತಿ ಕಡೆಯ ಒಂದು ಹಳ್ಳಿಯ ಅಂಗನವಾಡಿಗೆ ಹೋಗಿದ್ದೆ. ಭತ್ತದ ನಾಟಿ ಕಾಲ. ಅವ್ವಂದಿರೆಲ್ಲ ಬೆಳಿಗ್ಗೆಯೇ ಗದ್ದೆಗೆ ಹೋಗಿದ್ದರು. ಅನ್ನ-ಸಾರು ಬಡಿಸಿದಾಗ ಮೂರು ವರ್ಷದ ಹುಡುಗಿ ತಟ್ಟೆ ದೂಡಿ, "ಒಲ್ಲೆ, ಖಾರ" ಅಂದಳು. ಅಕ್ಕೋರು ಬಂದು ಪಕ್ಕದಲ್ಲೇ ನೆಲಕ್ಕೆ ಕೂತರು.

"ಖಾರ ಹತ್ತಿತೇನವ್ವ? ಎಲ್ಲಿ, ನಾಲಿಗಿಗೋ ತುಟಿಗೋ?"

ಅವಳು ನಾಲಿಗೆ ಚಾಚಿ ತೋರಿಸಿದಳು.

"ಹಂಗಾರ ಏನ್ ಮಾಡೋಣು?"

ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೀ ಅನ್ನ" ಅಂದಳು. ಅಕ್ಕೋರು ಅಷ್ಟೂ ಹೊತ್ತು ಕಾದರು. ಆಮೇಲೆ ತತ್ತಿ ಕೈಗೆ ಕೊಟ್ಟು, "ನೀನ ಸುಲಿ" ಅಂದರು. ಸಿಪ್ಪೆಯ ಚೂರುಗಳನ್ನು ಇಬ್ಬರೂ ಸೇರಿ ಎಣಿಸಿದರು. ತಟ್ಟೆ ಖಾಲಿಯಾಯಿತು.

ಇದನ್ನು ಬಿಡಿಸಿ ನೋಡಿ. ಮಗುವಿನ ಮಾತಿಗೆ ಉತ್ತರ ಸಿಕ್ಕಿತು. ಎರಡು ಪದದ ಮಾತು ಉದ್ದವಾಯಿತು. ಯೋಚಿಸಲು ಸಮಯ ಸಿಕ್ಕಿತು, ಬೆರಳಿಗೆ ಕೆಲಸ ಸಿಕ್ಕಿತು, ಎಣಿಕೆಯೂ ಬಂತು. ಇಲ್ಲಿ ಆರೈಕೆ ಎಲ್ಲಿ ಮುಗಿದು ಕಲಿಕೆ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯೋಕೆ ಆಗಲ್ಲ, ಅಲ್ವಾ? ಕೈ ತೊಳೆಸುವಾಗ, ಬಟ್ಟೆ ಬದಲಿಸುವಾಗ, ಮಲಗಿಸುವಾಗಲೂ ಹೀಗೆಯೇ. ಗೋಡೆಯ ತುಂಬಾ ಚಿತ್ರ ಬರೆಸಿದ್ದ ಇನ್ನೊಂದು ಕೇಂದ್ರದಲ್ಲಿ ಮಕ್ಕಳು ಅಕ್ಷರಮಾಲೆ ಕೂಗುತ್ತಿದ್ದರು. ಒಂದು ಗಂಟೆಯಲ್ಲಿ ಒಂದು ಮಗುವನ್ನೂ ಯಾರೂ ಏನೂ ಕೇಳಲಿಲ್ಲ. ನನಗೆ ತುಂಬಾ ಬೇಜಾರಾಯಿತು.

ಸುಮ್ನೆ ಮೂಲೆಯಲ್ಲಿ ಕೂತ ಮಗುವನ್ನು 'ಒಳ್ಳೆ ಮಗು' ಅಂತ ಬರೆದುಕೊಳ್ಳಬೇಡಿ. ಅದಕ್ಕೆ ಶಕ್ತಿಯೇ ಇಲ್ಲದಿರಬಹುದು. 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಆಟವಾಡದ ಮಗುವಿನ ತೋಳಿಗೆ ಮೊದಲು ಅಳತೆ ಪಟ್ಟಿ ಹಿಡಿಯಿರಿ.

ಕೂಸಿನ ಮನೆಯಲ್ಲಿ ಇನ್ನೊಂದು ವಿಷಯ ಸೇರುತ್ತದೆ. ಕೂಲಿಗೆ ಹೋಗುವ ತಾಯಂದಿರ ಪುಟ್ಟ ಕೂಸುಗಳಿಗಾಗಿ 2023–24ರ ರಾಜ್ಯ ಬಜೆಟ್‌ನಲ್ಲಿ ಘೋಷಿಸಿದ್ದು ಇದು. ಆರೈಕೆ ಮಾಡುವವರಿಗೆ ನರೇಗಾ ಕೂಲಿ ಅಂತ ಆಗ ನಿಗದಿಯಾಗಿತ್ತು. ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನ ಅನ್ನೋ ಆಗಿನ ಲೆಕ್ಕದಲ್ಲಿ ಒಬ್ಬರೇ ವರ್ಷಪೂರ್ತಿ ಇರೋಕೆ ಆಗುತ್ತಿರಲಿಲ್ಲ, ಆರೈಕೆ ಮಾಡುವವರು ಬದಲಾಗುತ್ತಿದ್ದರು. ಎಂಟು ತಿಂಗಳ ಹೊತ್ತಿಗೆ ಕೂಸು ಮುಖ ಗುರುತಿಸಿ, ಹೊಸಬರನ್ನು ಕಂಡರೆ ಅಳುತ್ತದೆ. ಪರಿಚಯದ ಕೈ ಬದಲಾದಷ್ಟೂ ಅದು ಉಣ್ಣುವುದು, ಮಲಗುವುದು ಕೆಡುತ್ತದೆ. ಹಾಗಾಗಿ ಹೊಸಬರು ಬರುವಾಗ ಹಳಬರೂ ಕೆಲವು ದಿನ ಜೊತೆಗಿದ್ದರಾ ಅಂತ ಕೇಳಿ. ಎಷ್ಟೋ ವರದಿಗಳಲ್ಲಿ ಈ ಪ್ರಶ್ನೆಯೇ ಇರಲ್ಲ.

ವೀಕ್ಷಣೆಗೆ ಹೋದಾಗ ಊಟದ ಹೊತ್ತಿಗೆ ಒಂದೇ ಮಗುವನ್ನು ಹತ್ತು ನಿಮಿಷ ನೋಡಿ. ಅದು ಮಾತಾಡಿದಾಗಲೆಲ್ಲ ಒಂದು ಗೆರೆ, ಉತ್ತರ ಸಿಕ್ಕಾಗಲೆಲ್ಲ ಪಕ್ಕದಲ್ಲಿ ಇನ್ನೊಂದು ಗೆರೆ ಹಾಕಿಕೊಳ್ಳಿ.