ಗ್ರೇಹೌಂಡ್‌ಗೆ ರೇನ್‌ಕೋಟ್ ಬೇಕಾ?

ಮಳೆ ಹಿಡಿದ ಒಂದು ಸಂಜೆ ಕ್ಲಿನಿಕ್ಕಿಗೆ ಒಂದು ಗ್ರೇಹೌಂಡ್ ನಾಯಿ ಬಂತು. ಮೈಮೇಲೆ ಹಳದಿ ಬಣ್ಣದ ಚೆಂದದ ರೇನ್‌ಕೋಟ್. ಆದರೂ ಬಾಲವನ್ನು ಹೊಟ್ಟೆಯಡಿಗೆ ಸೇರಿಸಿಕೊಂಡು ಗಡಗಡ ನಡುಗುತ್ತಿತ್ತು. "ಕೋಟು ಹಾಕಿದ್ದೀನಲ್ಲ ಡಾಕ್ಟ್ರೇ, ಮತ್ಯಾಕೆ ನಡುಗ್ತಿದೆ?" ಅಂದರು ಅದರ ಯಜಮಾನರು. ಕೋಟಿನೊಳಗೆ ಕೈ ತೂರಿಸಿ ನೋಡಿದೆ. ಬೆನ್ನು ಒಣಗಿಯೇ ಇತ್ತು. ಎದೆ, ಹೊಟ್ಟೆ ಮಾತ್ರ ತೊಪ್ಪೆ. ಕೋಟು ಸೊಂಟದ ಹತ್ತಿರ ಜೋತು ಬಿದ್ದು, ಗಾಳಿ ಬೀಸಿದಾಗೆಲ್ಲ ಡೇರೆಯ ಹಾಗೆ ಉಬ್ಬುತ್ತಿತ್ತು.

ನಾಯಿಗೆ ರೇನ್‌ಕೋಟ್ ಅಂದರೆ ಬರೀ ಶೋಕಿ ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಲ್ಯಾಬ್ರಡಾರ್ ವಿಷಯದಲ್ಲಿ ನಾನೂ ಹಾಗೇ ಅನ್ನುತ್ತೇನೆ. ಅದಕ್ಕೆ ಎರಡು ಪದರದ ಕೂದಲು. ಮೇಲಿನದು ಎಣ್ಣೆ ಜಿಡ್ಡಿನದು, ಒಳಗಿನದು ಉಣ್ಣೆಯಂಥದ್ದು. ಒಮ್ಮೆ ಮೈ ಕೊಡವಿದರೆ ಅರ್ಧ ನೀರು ಹೋಯಿತು. ಗ್ರೇಹೌಂಡ್‌ಗೆ ಆ ಒಳಪದರವೇ ಇಲ್ಲ. ಇರುವುದು ಒಂದೇ ಪದರದ ಗಿಡ್ಡ ಕೂದಲು, ಅದರ ಕೆಳಗೆ ತೆಳು ಚರ್ಮ, ಅದರ ಕೆಳಗೂ ಕೊಬ್ಬು ತೀರಾ ಕಮ್ಮಿ. ಎಷ್ಟೋ ಗ್ರೇಹೌಂಡ್‌ಗಳಿಗೆ ತೊಡೆಯ ಹಿಂಭಾಗ ಪೂರ್ತಿ ಬೋಳು. ಜೋರು ಮಳೆಯಲ್ಲಿ ಕೆಲವೇ ನಿಮಿಷಕ್ಕೆ ನೀರು ಚರ್ಮಕ್ಕೆ ಇಳಿಯುತ್ತದೆ. ನಾಯಿಯ ಮೈ ಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ನಿಂತ ಗಾಳಿಗೆ ಹೋಲಿಸಿದರೆ ನೀರು ಆ ಬಿಸಿಯನ್ನು ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಮೇಲಿಂದ ಗಾಳಿಯೂ ಸೇರಿದರೆ ಕೇಳಬೇಡಿ.

ಹಾಗಂತ ಹನಿ ಬಿದ್ದಾಗೆಲ್ಲ ಕೋಟು ಹಾಕಬೇಕಾ? ಬೇಡ. ಸೆಕೆಯ ದಿನದ ಮಳೆಯಲ್ಲಿ ಪ್ಲಾಸ್ಟಿಕ್ ಕೋಟಿನಿಂದ ಉಪಕಾರಕ್ಕಿಂತ ಉಪದ್ರವವೇ ಜಾಸ್ತಿ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಕೋಟಿನೊಳಗೆ ಬಿಸಿ, ಆವಿ ಎರಡೂ ಸಿಕ್ಕಿಹಾಕಿಕೊಂಡರೆ ಆ ಕೆಲಸ ಇನ್ನೂ ಕಷ್ಟ. ನಾನು ಮಳೆಯ ಜೋರಿಗಿಂತ ಚಳಿ, ಗಾಳಿ ಮತ್ತು ಎಷ್ಟು ಹೊತ್ತು ಹೊರಗಿರುತ್ತದೆ ಅನ್ನುವುದನ್ನು ನೋಡುತ್ತೇನೆ. ನಿಮಗೆ ಬರೀ ಕೊಡೆ ಸಾಕು ಅನ್ನಿಸಿದರೆ, ಹತ್ತು ನಿಮಿಷದ ವಾಕಿಂಗ್‌ಗೆ ನಾಯಿಗೆ ಏನೂ ಬೇಡ, ಬಂದ ಮೇಲೆ ಟವೆಲ್ ಸಾಕು. ಕೊಡೆಯ ಜೊತೆ ಸ್ವೆಟರೂ ಬೇಕು ಅನ್ನಿಸಿದರೆ, ಒಳಗೆ ಬೆಚ್ಚನೆ ಬಟ್ಟೆ ಹೊಲಿದ ಕೋಟು ಹಾಕಿ. ವಯಸ್ಸಾದ, ಗಂಟು ನೋವಿರುವ, ಕಾಯಿಲೆ ಬಿದ್ದು ಎದ್ದ ನಾಯಿಗಳಿಗೆ ಸ್ವಲ್ಪ ಮುಂಚೆಯೇ ಹಾಕಿ.

ಇನ್ನು ಅಳತೆ. ಆ ಹಳದಿ ಕೋಟಿನ ಎಡವಟ್ಟು ಇರುವುದೇ ಇಲ್ಲಿ. ಗ್ರೇಹೌಂಡ್‌ನ ಎದೆಗೂಡು ಆಳ, ಸೊಂಟ ಹಿಡಿಯಷ್ಟು. ಬೇರೆ ನಾಯಿಗಳಿಗೆಂದು ಹೊಲಿದದ್ದು ಇದಕ್ಕೆ ಎದೆಯಲ್ಲಿ ಬಿಗಿ, ಸೊಂಟದಲ್ಲಿ ಸಡಿಲ. ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿಂದ ಬಾಲದ ಬುಡದವರೆಗೆ ಟೇಪು ಹಿಡಿಯಿರಿ. ಆಮೇಲೆ ಮುಂಗಾಲುಗಳ ಹಿಂದೆ, ಎದೆ ಅತಿ ಆಳವಿರುವ ಕಡೆ ಸುತ್ತಳತೆ ತೆಗೆದುಕೊಳ್ಳಿ. ಎದೆ, ಹೊಟ್ಟೆಯ ಕೆಳಗೂ ಬಟ್ಟೆ ಬರಬೇಕು. ಪಟ್ಟಿಯ ಅಡಿಯಲ್ಲಿ ಎರಡು ಬೆರಳು ಸಲೀಸಾಗಿ ತೂರಬೇಕು. ವಾಕಿಂಗ್ ಮುಗಿದ ಮೇಲೆ ಮುಂಗಾಲಿನ ಸಂದು ನೋಡಿ. ಅಲ್ಲಿ ಕೆಂಪಾಗಿದ್ದರೆ ಪಟ್ಟಿ ಉಜ್ಜುತ್ತಿದೆ ಅಂತ ಅರ್ಥ. ಇವುಗಳ ಚರ್ಮ ಹರಿಯುವುದು ಬಲು ಸುಲಭ. ಅದಕ್ಕೇ ಕೋಟು ಹಾಕಿ ಬಯಲಲ್ಲಿ ಬಿಡಬೇಡಿ. ಗಂಟೆಗೆ 60 ಕಿಲೋಮೀಟರ್ ದಾಟಿ ಓಡಬಲ್ಲ ಪ್ರಾಣಿ ಇದು, ಪಟ್ಟಿ ಪೊದೆಗೆ ಸಿಕ್ಕಿತು ಅಂದರೆ ಹೊಲಿಗೆ ಹಾಕುವ ಕೆಲಸ ನನ್ನ ಪಾಲಿಗೆ.

ಮನೆ ಹೊಕ್ಕ ಕೂಡಲೇ ಒದ್ದೆ ಕೋಟು ಬಿಚ್ಚಿ. ಟೀ ಕುಡಿದು ಬಿಚ್ಚೋಣ ಅಂತ ಬಿಟ್ಟವರನ್ನೂ ನೋಡಿದ್ದೇನೆ. ಒದ್ದೆ ಬಟ್ಟೆ ಸುತ್ತಿಕೊಂಡು ಮಲಗಿದ ನಾಯಿಗಿಂತ ನೆನೆದು ಬಂದು ಮೈ ಒರೆಸಿಸಿಕೊಂಡ ನಾಯಿಯೇ ಬೆಚ್ಚಗಿರುತ್ತದೆ. ಬೆನ್ನಿಗಿಂತ ಹೊಟ್ಟೆ, ತೊಡೆ, ಬೆರಳ ಸಂದುಗಳನ್ನು ಚೆನ್ನಾಗಿ ಒರೆಸಿ.

ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ: "ಕೋಟು ಹಾಕಿದರೆ ಕಲ್ಲಿನ ಹಾಗೆ ನಿಂತುಬಿಡುತ್ತಲ್ಲ?" ಗ್ರೇಹೌಂಡ್ ಅಂದಮೇಲೆ ಇದು ಮಾಮೂಲು. ಗಾಬರಿಯಾದಾಗ ಸುಮ್ನೆ ಹಾಗೇ ನಿಂತುಬಿಡುತ್ತವೆ. ಹಗ್ಗ ಹಿಡಿದು ಎಳೆಯಬೇಡಿ. ಮಳೆ ಇಲ್ಲದ ದಿನ, ಮನೆಯೊಳಗೆ, ಎರಡು ನಿಮಿಷ ಹಾಕಿ, ಇಷ್ಟದ ತಿಂಡಿ ಕೊಟ್ಟು ತೆಗೆಯಿರಿ. ಮಾರನೇ ದಿನ ಐದು ನಿಮಿಷ. ಆ ಹಳದಿ ಕೋಟಿನ ನಾಯಿಗೆ ಹೊಸ ಕೋಟು ಒಗ್ಗಲು ಒಂದು ವಾರ ಹಿಡಿಯಿತು. ಈಗ ಮಳೆ ಬಂದರೆ ತಾನೇ ಕೋಟು ನೇತುಹಾಕುವ ಮೊಳೆಯ ಕೆಳಗೆ ಹೋಗಿ ನಿಲ್ಲುತ್ತದಂತೆ.