ಚಾರ್ಟರ್ ಶಾಲೆಯಲ್ಲಿ ಪಾಠ ಮಾಡೋಕೆ ಲೈಸೆನ್ಸ್ ಬೇಡ್ವಂತೆ, ನಿಜಾನಾ?

"ಊರಲ್ಲಿ ಬಿ.ಎಡ್ ಮುಗಿಸಿದ್ದೇನೆ. ಈಗ ಅಮೆರಿಕದಲ್ಲಿದ್ದೇನೆ. ಚಾರ್ಟರ್ ಶಾಲೆ ಖಾಸಗಿಯಂತೆ, ಲೈಸೆನ್ಸ್ ಕೇಳಲ್ವಂತೆ, ಹೌದಾ?"

ಮತ್ತೆ ಇದೇ ಪ್ರಶ್ನೆ. ಉತ್ತರವೂ ಅದೇ: ಲೈಸೆನ್ಸ್, ಅಂದರೆ ಪಾಠ ಮಾಡಲು ರಾಜ್ಯ ಸರ್ಕಾರ ಕೊಡುವ ಪರವಾನಗಿ, ಬೇಕೋ ಬೇಡವೋ ಅನ್ನೋದು ರಾಜ್ಯದ ಮೇಲೆ ಹೋಗುತ್ತದೆ. ನೀವಿರುವ ರಾಜ್ಯ ಯಾವುದು, ಮೊದಲು ಅದನ್ನು ಹೇಳಿ.

ಅದಕ್ಕೂ ಮುಂಚೆ ಆ "ಖಾಸಗಿಯಂತೆ"ಯನ್ನು ತಲೆಯಿಂದ ತೆಗೆದುಹಾಕಿ. ಚಾರ್ಟರ್ ಶಾಲೆ ನಡೆಯುವುದು ಸರ್ಕಾರದ ದುಡ್ಡಿನಲ್ಲಿ. ಫೀಸ್ ಇಲ್ಲ. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಲಾಟರಿ. ಆಡಳಿತ ಮಂಡಳಿ ಮಾತ್ರ ಬೇರೆ. ನಮ್ಮ ಕಡೆಯ ಅನುದಾನಿತ ಶಾಲೆ ಇದ್ದ ಹಾಗೆ ಅಂದುಕೊಳ್ಳಿ. ದೇಶದ ಮೊದಲ ಚಾರ್ಟರ್ ಕಾನೂನು 1991ರಲ್ಲಿ ಮಿನ್ನೆಸೋಟದಲ್ಲಿ ಬಂತು. ಅಲ್ಲಿ ಚಾರ್ಟರ್ ಶಿಕ್ಷಕರಿಗೂ ಲೈಸೆನ್ಸ್ ಬೇಕು ಅಂತ ಆ ಕಾನೂನೇ ಹೇಳಿತ್ತು. ಚಾರ್ಟರ್ ಹುಟ್ಟಿದ ಊರಲ್ಲೇ ಈ "ಲೈಸೆನ್ಸ್ ಬೇಡ್ವಂತೆ" ಮಾತು ನಿಲ್ಲಲ್ಲ, ಅಲ್ವಾ?

ಹಾಗಾದರೆ ಸುದ್ದಿ ಎಲ್ಲಿಂದ ಬಂತು? ಅರಿಜೋನಾದಲ್ಲಿ ಚಾರ್ಟರ್ ಶಿಕ್ಷಕರಿಗೆ ರಾಜ್ಯದ ಸರ್ಟಿಫಿಕೇಟ್ (ಲೈಸೆನ್ಸಿಗೆ ಕೆಲವು ಕಡೆ ಹಾಗಂತಾರೆ) ಕಡ್ಡಾಯವಲ್ಲ. ಬೆರಳಚ್ಚು ತಪಾಸಣೆ ಆಗಿರುವ ಕಾರ್ಡ್ ಮಾತ್ರ ಬೇಕೇ ಬೇಕು. ಟೆಕ್ಸಾಸಿನಲ್ಲಿ ಸಾಮಾನ್ಯವಾಗಿ ಪದವಿ ಸಾಕು. ಆದರೆ ವಿಶೇಷ ಶಿಕ್ಷಣಕ್ಕೆ, ದ್ವಿಭಾಷಾ ತರಗತಿಗೆ ಸರ್ಟಿಫಿಕೇಟ್ ಕೇಳುತ್ತಾರೆ. ಪೆನ್ಸಿಲ್ವೇನಿಯಾದಲ್ಲಿ ಶಿಕ್ಷಕರಂಥ ವೃತ್ತಿಪರ ಸಿಬ್ಬಂದಿಯಲ್ಲಿ 75% ಜನಕ್ಕಾದರೂ ಸರ್ಟಿಫಿಕೇಟ್ ಇರಲೇಬೇಕು. ಟೆಕ್ಸಾಸಿನ ಡಲ್ಲಾಸಿನಲ್ಲಿರುವ ಗೆಳತಿ ಹೇಳಿದ "ನನಗೆ ಕೇಳಲಿಲ್ಲ" ಅನ್ನೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ತಲುಪುವಷ್ಟರಲ್ಲಿ "ಎಲ್ಲೂ ಕೇಳಲ್ವಂತೆ" ಆಗಿರುತ್ತದೆ.

ಫ್ರೀಮಾಂಟಿನವರೇ, ಕ್ಯಾಲಿಫೋರ್ನಿಯಾದಲ್ಲಿ ಕೇಳುತ್ತಾರೆ. ಹಿಂದೆ ಕಲೆ, ಸಂಗೀತದಂಥ ವಿಷಯಗಳಿಗೆ ಸ್ವಲ್ಪ ಸಡಿಲಿಕೆ ಇತ್ತು. 2019ರ ಕಾನೂನು ಅದನ್ನೂ ಬಿಗಿ ಮಾಡಿತು. 2020ರ ಜುಲೈನಿಂದ ಹೊಸದಾಗಿ ಸೇರುವವರಿಗೆ, ಕಲಿಸುವ ವಿಷಯಕ್ಕೆ ತಕ್ಕ ಲೈಸೆನ್ಸ್ ಇರಲೇಬೇಕು.

ಮತ್ತೆ ನಿಮ್ಮ ಬಿ.ಎಡ್? ಅದು ತಾನಾಗಿಯೇ ಲೈಸೆನ್ಸ್ ಆಗಲ್ಲ, ಹಾಗಂತ ದಂಡವೂ ಅಲ್ಲ. ರಾಜ್ಯ ಒಪ್ಪಿದ ಸಂಸ್ಥೆಯೊಂದರಿಂದ ಪದವಿಯ ಮೌಲ್ಯಮಾಪನ ಮಾಡಿಸಬೇಕು. ಮೂರು ವರ್ಷದ ಬಿ.ಎ, ಬಿ.ಎಸ್ಸಿಯನ್ನು ಎಷ್ಟೋ ಕಡೆ ಅಲ್ಲಿನ ನಾಲ್ಕು ವರ್ಷದ ಪದವಿಗೆ ಸಮ ಅಂತ ಒಪ್ಪುವುದಿಲ್ಲ. ಅದಕ್ಕೇ ಊರಿಂದ ಇನ್ನೂ ಹೊರಡದವರು ಬರೀ ಘಟಿಕೋತ್ಸವದ ಸರ್ಟಿಫಿಕೇಟ್ ಹಿಡಿದು ವಿಮಾನ ಹತ್ತಬೇಡಿ, ಬಿ.ಎಡ್‌ನದೂ ಸೇರಿ ಎಲ್ಲಾ ಮಾರ್ಕ್ಸ್ ಕಾರ್ಡ್ ತನ್ನಿ. ಎಚ್-4 ವೀಸಾದಲ್ಲಿ (ಅಮೆರಿಕದಲ್ಲಿ ಕೆಲಸ ಮಾಡುವ ಗಂಡ ಅಥವಾ ಹೆಂಡತಿಯ ಜೊತೆ ಬಂದವರಿಗೆ ಸಿಗುವ ವೀಸಾ) ಇದ್ದರೆ ಲೈಸೆನ್ಸ್ ಸಿಕ್ಕರೂ ಕೆಲಸದ ಪರವಾನಗಿ ಬೇರೆಯೇ ಬೇಕು.

ಇನ್ನೊಂದು, ಯಾರೂ ಕೇಳದಿದ್ದರೂ ಹೇಳಿಬಿಡುತ್ತೇನೆ. ನಿಮ್ಮ ಮಗುವಿನ ಟೀಚರಿಗೆ ಲೈಸೆನ್ಸ್ ಇದೆಯಾ ಅಂತ ಶಾಲೆಯ ಗೇಟಿನ ಹತ್ತಿರ ಪಿಸುಗುಡಬೇಕಿಲ್ಲ. ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಎರಡರಲ್ಲೂ ಆ ದಾಖಲೆ ಸಾರ್ವಜನಿಕ. ಸರ್ಕಾರಿ ಜಾಲತಾಣದಲ್ಲಿ ಹೆಸರು ಹಾಕಿದರೆ ಯಾವ ವಿಷಯಕ್ಕಿದೆ, ಎಲ್ಲಿಯವರೆಗಿದೆ ಎರಡೂ ಕಾಣುತ್ತದೆ.