ಪೊಲೀಸ್ ವೆರಿಫಿಕೇಶನ್ ಆಗಿದ್ದರೆ ಆಸ್ಪತ್ರೆಯ ಎಲ್ಲಾ ಮಷಿನ್ ಮುಟ್ಟಬಹುದಾ?

ಪ್ರಶ್ನೆ: ಡಿಪ್ಲೊಮಾ ಮುಗಿಸಿ ಒಂದು ಆಸ್ಪತ್ರೆಯ ಬಯೋಮೆಡಿಕಲ್ ವಿಭಾಗಕ್ಕೆ, ಅಂದರೆ ಮಷಿನ್‌ಗಳನ್ನು ನೋಡಿಕೊಳ್ಳುವ ವಿಭಾಗಕ್ಕೆ ಸೇರುತ್ತಿದ್ದೇನೆ. ಪೊಲೀಸ್ ವೆರಿಫಿಕೇಶನ್ ಸರ್ಟಿಫಿಕೇಟ್ ತನ್ನಿ ಅಂದಿದ್ದಾರೆ. ರಿಜಿಸ್ಟ್ರೇಷನ್ ಅಂದರೆ ಇದೇನಾ? ಇದೊಂದಿದ್ದರೆ ಸಾಕಾ?

ಸಾಲದು. ಅದು ಬೇರೆ, ಇದು ಬೇರೆ. ಪೊಲೀಸರು ಕೊಡುವ ಕಾಗದ ನಿಮ್ಮ ಮೇಲೆ ಕೇಸ್ ಇದೆಯೋ ಇಲ್ಲವೋ ಅಂತ ಮಾತ್ರ ಹೇಳುತ್ತದೆ. ವೆಂಟಿಲೇಟರ್ ಬಿಚ್ಚಿ ಸರಿಯಾಗಿ ಜೋಡಿಸಲು ನಿಮಗೆ ಬರುತ್ತದಾ ಅನ್ನುವುದು ಅದರಲ್ಲಿ ಇರುವುದಿಲ್ಲ. ಅದಕ್ಕೆ ಬೇಕಾದದ್ದು ವೃತ್ತಿಯ ರಿಜಿಸ್ಟ್ರೇಷನ್, ಅಂದರೆ ನಿಮ್ಮ ಓದು ನೋಡಿ ಹೆಸರನ್ನು ಆ ವೃತ್ತಿಯವರ ಪಟ್ಟಿಗೆ ಸೇರಿಸುವುದು.

ನರ್ಸ್‌ಗಳಿಗೆ, ಫಾರ್ಮಸಿಸ್ಟ್‌ಗಳಿಗೆ ಹೀಗೆ ಹೆಸರು ನೋಂದಾಯಿಸಿಕೊಳ್ಳುವ ಕೌನ್ಸಿಲ್ ಮೊದಲಿಂದಲೂ ಇತ್ತು. ಮಷಿನ್ ನೋಡಿಕೊಳ್ಳುವವರಿಗೆ ಅಂಥದ್ದೇನೂ ಇರಲಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಅಲೈಡ್ (ವೈದ್ಯಕೀಯಕ್ಕೆ ಪೂರಕವಾದ) ಮತ್ತು ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆ ತಂದಾಗ ಅದರ ಪಟ್ಟಿಯಲ್ಲಿ ಬಯೋಮೆಡಿಕಲ್ ಇಂಜಿನಿಯರ್, ಮೆಡಿಕಲ್ ಇಕ್ವಿಪ್‌ಮೆಂಟ್ ಟೆಕ್ನಾಲಜಿಸ್ಟ್ ಎರಡೂ ಸೇರಿದವು. ರಿಜಿಸ್ಟರ್ ಇಡುವುದು ರಾಜ್ಯ ಕೌನ್ಸಿಲ್. ಈ ಕಾಯ್ದೆಯ ಪ್ರಕಾರ ಅಲೈಡ್ ಹೆಲ್ತ್ ಕೋರ್ಸ್ ಕನಿಷ್ಠ 2000 ಗಂಟೆಯದ್ದಾಗಿರಬೇಕು, 2ರಿಂದ 4 ವರ್ಷದ್ದು. ಹಾಗಾಗಿ ಆರು ತಿಂಗಳ ಸರ್ಟಿಫಿಕೇಟ್ ಕೊಟ್ಟು 'ರಿಜಿಸ್ಟ್ರೇಷನ್ ಗ್ಯಾರಂಟಿ' ಅನ್ನುವವರಿಗೆ ದಯವಿಟ್ಟು ದುಡ್ಡು ಕಟ್ಟಬೇಡಿ.

ಎಕ್ಸ್‌ರೇ, ಸಿಟಿ ವಿಷಯಕ್ಕೆ ಬಂದರೆ ನಿಯಮ ಇನ್ನೂ ಬಿಗಿ. ಇಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿಯ ಮಾತೇ ಕೊನೆ, ಅಂದರೆ ಎಇಆರ್‌ಬಿ. ಅದರ ಅನುಮತಿ ಇದ್ದವರೇ ಸರ್ವಿಸ್ ಮಾಡಬೇಕು. 'ಫ್ಯೂಸ್ ಹೋಗಿರಬೇಕು, ಸುಮ್ನೆ ಸ್ವಲ್ಪ ನೋಡಪ್ಪಾ' ಅಂತ ಹೊಸ ಹುಡುಗರನ್ನು ಎಕ್ಸ್‌ರೇ ರೂಮಿಗೆ ಕಳಿಸುವುದನ್ನು ನಾನೇ ಕಂಡಿದ್ದೇನೆ. ಹೋಗಬೇಡಿ. ಕೊಲಿಮೇಟರ್ ಅಂದರೆ ಎಕ್ಸ್‌ರೇ ಎಷ್ಟು ಜಾಗಕ್ಕೆ ಬೀಳಬೇಕು ಅಂತ ಹಿಡಿದಿಡುವ ಭಾಗ. ಅದನ್ನು ಬಿಚ್ಚಿ ಸ್ವಲ್ಪ ವಾರೆಯಾಗಿ ಕೂರಿಸಿದರೆ ಆ ಜಾಗ ತೋರಿಸುವ ದೀಪದ ಬೆಳಕು ಒಂದು ಕಡೆ ಬೀಳುತ್ತದೆ, ಎಕ್ಸ್‌ರೇ ಇನ್ನೊಂದು ಕಡೆ ಬೀಳುತ್ತದೆ. ಎದೆಯ ಫಿಲ್ಮ್‌ಗೆ ಅಂತ ಮಲಗಿಸಿದ ಮಗುವಿನ ಹೊಟ್ಟೆಗೂ ವಿಕಿರಣ ತಾಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಯಾರಿಗೂ ಗೊತ್ತಾಗುವುದೂ ಇಲ್ಲ.

ಇನ್ನು ಪೊಲೀಸ್ ವೆರಿಫಿಕೇಶನ್ ಯಾಕೆ? ಎಷ್ಟೋ ಜನಕ್ಕೆ ಇದು ಅವಮಾನ ಅನ್ನಿಸುತ್ತದೆ, ನನಗೂ ಮೊದಲ ಸಲ ಹಾಗೇ ಅನ್ನಿಸಿತ್ತು. ಆದರೆ ಒಮ್ಮೆ ಯೋಚಿಸಿ. ರಾತ್ರಿ ಎರಡು ಗಂಟೆಗೆ ಸಿರಿಂಜ್ ಪಂಪ್ (ಔಷಧಿಯನ್ನು ನಿಧಾನವಾಗಿ ದೇಹಕ್ಕೆ ಬಿಡುವ ಮಷಿನ್) ಅಲಾರಂ ನಿಲ್ಲುತ್ತಿಲ್ಲ ಅಂತ ಕರೆದರೆ ನೀವು ಟೂಲ್ ಬ್ಯಾಗ್ ಹಿಡಿದು ನೇರ ಐಸಿಯು ಒಳಗೆ ಹೋಗುತ್ತೀರಿ. ಅಲ್ಲಿ ಮಲಗಿರುವವರಿಗೆ ಪ್ರಜ್ಞೆ ಇರುವುದಿಲ್ಲ, ಮನೆಯವರು ಬಾಗಿಲ ಹೊರಗೆ ಕುರ್ಚಿಯಲ್ಲಿ ತೂಕಡಿಸುತ್ತಿರುತ್ತಾರೆ. ಆ ನಂಬಿಕೆ ಸಣ್ಣದಲ್ಲ, ಅಲ್ವಾ?

ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗ್‌ನ ಮಷಿನ್ ವಿಷಯದಲ್ಲಂತೂ ಇನ್ನೂ ಜಾಸ್ತಿ ಎಚ್ಚರ ಬೇಕು. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಷಿನ್ ಇಟ್ಟುಕೊಂಡು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಆರೋಪದ ಮೇಲೆ ಹಲವರನ್ನು ಬಂಧಿಸಿದ್ದು ನೆನಪಿದೆಯಲ್ಲ? ಬೆಲ್ಲದ ಕೊಪ್ಪರಿಗೆ ಕುದಿಯುವ ಜಾಗಕ್ಕೆ ಅಂಥ ಮಷಿನ್ ತಾನಾಗಿ ನಡೆದು ಬರುವುದಿಲ್ಲ. ಭ್ರೂಣದ ಲಿಂಗ ಪತ್ತೆ ತಡೆಯುವ 1994ರ ಪಿಸಿ-ಪಿಎನ್‌ಡಿಟಿ ಕಾಯ್ದೆ ಪ್ರಕಾರ ನೋಂದಣಿ ಇಲ್ಲದ ಜಾಗಕ್ಕೆ ಈ ಮಷಿನ್ ಮಾರುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ. ಹಳೆಯ ಮಷಿನ್ ರಿಪೇರಿ ಮಾಡಿ ಇಂಥ ಕಡೆ ತಲುಪಿಸು ಅಂತ ಯಾರಾದರೂ ಹೇಳಿದರೆ ಮೊದಲು ಆ ಸೆಂಟರ್‌ನ ನೋಂದಣಿ ಪತ್ರ ಕೇಳಿ. ತೋರಿಸದಿದ್ದರೆ ಬ್ಯಾಗ್ ಎತ್ತಿಕೊಂಡು ವಾಪಸ್ ಬನ್ನಿ.

ಪೊಲೀಸ್ ವೆರಿಫಿಕೇಶನ್‌ಗೆ ಅರ್ಜಿ ಹಾಕುವುದು ಸುಲಭ. ಇಲ್ಲಿನ ಕೆಲಸಕ್ಕಾದರೆ ರಾಜ್ಯ ಸರ್ಕಾರದ ಸೇವಾ ಸಿಂಧು ವೆಬ್‌ಸೈಟ್, ಹೊರದೇಶಕ್ಕಾದರೆ ಪಾಸ್‌ಪೋರ್ಟ್ ಸೇವಾ ಮೂಲಕ ಪಿಸಿಸಿ, ಅಂದರೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್. ತೊಡಕಾಗುವುದು ನಮ್ಮ ಇನಿಷಿಯಲ್‌ನಿಂದ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಇತ್ತು, ಡಿಪ್ಲೊಮಾದಲ್ಲಿ ಮುಂದೆ ಇತ್ತು, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರೇ ಇತ್ತು. ಮೂವರೂ ಒಬ್ಬನೇ ಅಂತ ಒಪ್ಪಿಸಲು ನೋಟರಿ ಹತ್ತಿರ ಅಫಿಡವಿಟ್ ಮಾಡಿಸಬೇಕಾಯಿತು, ಅಷ್ಟರಲ್ಲಿ ಕೆಲಸಕ್ಕೆ ಸೇರುವ ದಿನ ಕಳೆದೇ ಹೋಗಿತ್ತು. ನೀವು ಇವತ್ತೇ ಮೂರನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ತಾಳೆ ನೋಡಿ.